ಮರಳಿ ಬಂದ ಬಳುವಳಿ

ತಾಷ್ಕೆಂಟ್
ಜನವರಿ ೧೧

ಬೀಗಿತಿ ಬೀಕಜಾನ್ ಅವರಿಗೆ ಸನೋಬರ್ ಮಾಡುವ ಸಲಾಮುಗಳು.

ಮಗಳು ಮುಕದ್ದಸ್‌ಳ ಬಳುವಳಿ ಎಂದು ನೀವು ಕಳಿಸಿದ್ದ ಹದಿನಾರು ಕೌದಿಗಳಲ್ಲಿ ಎಂಟು ನಿನ್ನೆ ಸಂಜೆಯ ರೈಲಿನಲ್ಲಿ ಊರ್ಗೆಂಚ್‌ಗೆ ಹೊರಟಿವೆ. ಬೋಗಿ ನೋಡಿಕೊಳ್ಳುವ ನಿಮ್ಮೂರಿನ ಸಪರ್‌ಬಾಯ್ ಅವನ್ನು ತನ್ನ ಕೋಣೆಯಲ್ಲೇ ಇಟ್ಟುಕೊಂಡ ಎಂದು ನಿಲ್ದಾಣಕ್ಕೆ ಹೋಗಿದ್ದ ನನ್ನ ತಮ್ಮ ಬಂದು ಹೇಳಿದ. ಅವಸರದಲ್ಲಿ ಜೊತೆಗೆ ಪತ್ರ ಇಡಲಾಗಲಿಲ್ಲ. ಇದು ಮುಂದಿನ ಗಾಡಿಗೆ ಬರುತ್ತದೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ಖೊರೆಜ್ಮ್ ಕಡೆಯ ಮಾತು ನನಗೆ ಹತ್ತುವುದಿಲ್ಲ, ನನ್ನ ತಾಷ್ಕೆಂಟ್ ಮಾತು ನಿಮಗೆ ಹತ್ತುವುದಿಲ್ಲ. ಹಿಂದಿನ ಸಲ ಒಬ್ಬರ ಆರೋಗ್ಯ ಒಬ್ಬರು ಕೇಳಿ ಕೇಳಿ ಸುಸ್ತಾಗಿ ಫೋನ್ ಇಟ್ಟೆವು. ಬರೆದರೆ ಇಬ್ಬರಿಗೂ ತಿಳಿಯುತ್ತದೆ.

ವಿಷಯ ಇಷ್ಟು. ಹೊಸ ವರ್ಷ ಹುಟ್ಟಿದಾಗಿನಿಂದ ನಮ್ಮ ಬೀದಿಯ ಈ ತುದಿಯಿಂದ ಆ ತುದಿ ಕಾಣುತ್ತಿಲ್ಲ. ಗ್ಯಾಸ್ ಒತ್ತಡ ಕಡಿಮೆಯಾದಾಗಲೆಲ್ಲ ಮನೆಮನೆಯಲ್ಲೂ ಕಲ್ಲಿದ್ದಲು ಸುಡುತ್ತಾರೆ. ನಾನು ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಉಸಿರಿನ ಜೊತೆ ಒಳಗೆ ಏನು ಹೋಗುತ್ತದೆ ಎಂದು ಹಲಗೆಯ ಮೇಲೆ ಬರೆಯುತ್ತೇನೆ, ಮನೆಗೆ ಬಂದು ಅದನ್ನೇ ಉಸಿರಾಡುತ್ತೇನೆ. ಎಲ್ಯಾರ್ ಡಿಸೆಂಬರಿನಲ್ಲಿ ಅರಲ್ ಸಮುದ್ರದ ಒಣಗಿದ ತಳದಲ್ಲಿ ಗಿಡ ನೆಡಲು ಹೊರಟಾಗ ಬಾಗಿಲಲ್ಲಿ ನಿಂತು, "ಅಮ್ಮಾ, ಇದು ಊರಲ್ಲ, ಹೊಗೆಗೂಡು" ಅಂದ. ಆ ಮಾತು ತಲೆಯಲ್ಲಿ ಕೂತುಬಿಟ್ಟಿದೆ.

ಆದ್ದರಿಂದ ಈ ಮನೆಯ ಭಾರ ಇಳಿಸಲು ಶುರು ಮಾಡಿದ್ದೇನೆ. ಕಾರು ಮಾರಿದೆ. ಬಜಾರಿಗೆ ಬಟ್ಟೆಯ ಚೀಲ ಒಯ್ಯುತ್ತೇನೆ. ಹೀಟರನ್ನು ತಗ್ಗಿಸಿ ಮನೆಯೊಳಗೆ ಎರಡು ಚಾಪಾನ್ ನಿಲುವಂಗಿ ಒಂದರ ಮೇಲೊಂದು ತೊಟ್ಟು ಓಡಾಡುತ್ತೇನೆ. ತರಕಾರಿ ಸಿಪ್ಪೆ ಗುಂಡಿಗೆ, ಸ್ನಾನದ ನೀರು ಜರ್ದಾಳು ಮರಕ್ಕೆ. ಮದುವೆಗೆಂದು ಏಪ್ರಿಲ್‌ಗೆ ಗೊತ್ತು ಮಾಡಿದ್ದ ದೊಡ್ಡ ಮಂಟಪವನ್ನೂ ಬಿಟ್ಟುಕೊಟ್ಟೆ.

ಇನ್ನು ಕೌದಿಗಳು. ಹತ್ತಿ ಎಷ್ಟು ನೀರು ಕುಡಿಯುತ್ತದೆ, ಆ ನೀರು ಸಮುದ್ರ ಸೇರದೆ ಏನಾಯಿತು ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹದಿನಾರು ಕೌದಿ ಎದುರಿಗೆ ಪೇರಿಸಿಟ್ಟರೆ ನನಗೆ ಗೋಡೆ ಕಾಣುವುದಿಲ್ಲ, ಸಮುದ್ರ ಕಾಣುತ್ತದೆ. ಇಷ್ಟು ನಮ್ಮ ಮನೆಗೆ ಬೇಡ. ಎಲ್ಯಾರ್‌ನ ಇಚ್ಛೆಯೂ ಇದೇ. ಉಳಿದದ್ದನ್ನು ಅವನು ಬಂದ ಮೇಲೆ ಮಾತಾಡೋಣ. ಅವನಿರುವ ಗುಡಾರಗಳಲ್ಲಿ ಫೋನ್ ಸಿಗುವುದಿಲ್ಲ.

ಮುಕದ್ದಸ್‌ಗೆ ನನ್ನ ಹಾರೈಕೆ ತಿಳಿಸಿ.

ಸನೋಬರ್


ಊರ್ಗೆಂಚ್
ಜನವರಿ ೧೯

ಸನೋಬರ್ ಅವರಿಗೆ,

ಕೌದಿಗಳು ತಲುಪಿದವು. ನಿಮ್ಮ ಪತ್ರ ಅವುಗಳ ಹಿಂದೆ ಎರಡು ದಿನ ತಡವಾಗಿ ಬಂತು.

ಸಪರ್‌ಬಾಯ್ ಅವನ್ನು ಸಾಮಾನಿನ ಗಾಡಿಗೆ ಏರಿಸಿ ನಡುಹಗಲಲ್ಲಿ ನಮ್ಮ ಬೀದಿಗೆ ತಂದ. ಹೆಂಗಸರು ತಂದೂರಿನ ಬಳಿ ನಾನ್ ಸುಡುತ್ತಿದ್ದರು. ಗಾಡಿ ಬರುತ್ತಿದ್ದಂತೆ ಎಲ್ಲರ ಕೈಯೂ ನಿಂತಿತು. ಎದುರುಮನೆಯ ಅಜ್ಜಿ ಲೆಕ್ಕ ಹಾಕಿ, "ಎಂಟ ಬಂದಾವ. ಉಳಿದ ಎಂಟು ನಾಳೆ ಬರ್ತಾವೇನು?" ಎಂದು ಕೇಳಿದರು. ನಾನು ಬಾಗಿಲು ತೆರೆದು ಒಳಗೆ ಇಡಿಸಿಕೊಂಡೆ. ಹೆಣ್ಣಿನ ಹಾಸಿಗೆ ತಾಯಿಯ ಬಾಗಿಲಿಗೆ ಮರಳಿ ಬಂದರೆ ನಮ್ಮ ಕಡೆ ಏನು ಹೇಳುತ್ತಾರೆ ಎಂಬುದನ್ನು ಬರೆಯಬೇಕಾಗಿಲ್ಲ.

ನೀವು ಬರೆದದ್ದು ಅರ್ಥವಾಯಿತು. ಹುಡುಗನ ಇಚ್ಛೆಯೂ ಅದೇ ಎಂದಿದ್ದೀರಿ. ಮಂಟಪ ಬಿಟ್ಟಿದ್ದೀರಿ. ನಾವು ಕಾರಣ ಕೇಳುವುದಿಲ್ಲ.

ಕಳೆದ ಶರತ್ಕಾಲದಲ್ಲಿ ನೀವು ನಮ್ಮ ಮನೆಗೆ ತಂದು ಹಾಸಿ, ಅದರ ಮೇಲೆ ನಾನ್ ಮುರಿದು ಮಾತು ಕೊಟ್ಟ ಬಟ್ಟೆಯನ್ನು ಸಪರ್‌ಬಾಯ್ ಕೈಯಲ್ಲಿ ಕಳಿಸುತ್ತಿದ್ದೇನೆ. ನೀವು ಮುಕದ್ದಸ್‌ಗೆ ತೊಡಿಸಿದ ಓಲೆಗಳನ್ನು ಅದರ ಮೂಲೆಯಲ್ಲಿ ಗಂಟು ಕಟ್ಟಿದ್ದೇನೆ. ಅವಳೇ ಕಿವಿಯಿಂದ ಬಿಚ್ಚಿದಳು. ಯಾರೂ ಹೇಳಲಿಲ್ಲ.

ನಿಮ್ಮ ಮನೆಯ ಭಾರ ಇಳಿಯಲಿ.

ಬೀಕಜಾನ್


ತಾಷ್ಕೆಂಟ್
ಜನವರಿ ೨೭

ಪ್ರೀತಿಯ ಬೀಗಿತಿಯವರೇ,

ನಿಮ್ಮ ಗಂಟು ತಲುಪಿದೆ. ಬಿಚ್ಚಿದಾಗ ಓಲೆಗಳು ಉರುಳಿ ಮೇಜಿನ ಕೆಳಗೆ ಹೋದವು. ಅವನ್ನು ಹುಡುಕುತ್ತಾ ನೆಲದ ಮೇಲೆ ಕೂತವಳು ಸ್ವಲ್ಪ ಹೊತ್ತು ಅಲ್ಲೇ ಇದ್ದೆ. ಚಿನ್ನ ತೆಗೆಯಲು ಎಷ್ಟು ಬೆಟ್ಟ ಕೊರೆಯುತ್ತಾರೆ, ಎಷ್ಟು ವಿಷ ಸುರಿಯುತ್ತಾರೆ ಎಂದು ಮಕ್ಕಳಿಗೆ ಪಾಠ ಮಾಡುವ ನಾನು ನನ್ನ ಬಳೆ ಬಿಚ್ಚಿರಲಿಲ್ಲ. ಇನ್ನೂ ಮದುವೆಯಾಗದ ಹುಡುಗಿ, ಯಾರೂ ಹೇಳದೆ, ಓಲೆ ಬಿಚ್ಚಿ ಕಳಿಸಿದ್ದಾಳೆ. ಆ ದಿನವೇ ನನ್ನ ಬಳೆಯನ್ನೂ ತೆಗೆದಿಟ್ಟೆ.

ನೀವು ಕಾರಣ ಕೇಳಲಿಲ್ಲ. ಇಲ್ಲಿ ನನ್ನ ಒಡಹುಟ್ಟಿದವರೇ ದಿನಕ್ಕೊಮ್ಮೆ ಕಾರಣ ಕೇಳುತ್ತಾರೆ. ನಿಮ್ಮ ಬೀದಿಯವರು ಏನಾದರೂ ಹೇಳಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಮ್ಮ ಬೀದಿಯವರೂ ಹೇಳುತ್ತಾರೆ. ಪಕ್ಕದ ಮನೆಯ ಹಫೀಜಾ ನನ್ನ ಎರಡು ಚಾಪಾನ್ ನೋಡಿ, "ಮೂರನೇದು ಬೇಕಿದ್ರೆ ನಮ್ಮ ಯಜಮಾನರದು ಕೊಡ್ತೀನಿ, ಅವರನ್ನೂ ಸೇರಿಸಿ ತಗೊಂಡು ಹೋಗು" ಅಂದಳು. ನಿಮ್ಮ ವಿಷಯವನ್ನು ಮೊನ್ನೆ ಹೆಂಗಸರು ಸೇರಿದ್ದಾಗ ಹೇಳಿದೆ. ಖೊರೆಜ್ಮಿನ ನಮ್ಮ ಬೀಗರನ್ನು ನೋಡಿ ಕಲಿಯಿರಿ ಎಂದೆ. ಎಲ್ಲರೂ ಚಹದ ಬಟ್ಟಲಿಗೆ ಮುಖ ತಗ್ಗಿಸಿದರು. ಹಫೀಜಾ ಮಾತ್ರ, "ಓಲೆ ಯಾಕೆ ವಾಪಸ್ ಕಳಿಸ್ತಾರೆ ಸನೋಬರ್, ತೂಕ ಸರಿ ಇಲ್ವಾ ಅಂತಾನಾ?" ಎಂದಳು. ಅವಳದು ಯಾವಾಗಲೂ ಹೀಗೆಯೇ ಕೊಂಕು. ನಾನು ನಕ್ಕುಬಿಟ್ಟೆ. ಆಮೇಲೆ ಮನೆಗೆ ಬರುವಾಗ ಆ ಮಾತು ಯಾಕೋ ಜೊತೆಯಲ್ಲೇ ಬಂತು.

ನೀವು ಕಳಿಸಿದ ಬಟ್ಟೆ ಎಷ್ಟು ಉಪಯೋಗಕ್ಕೆ ಬಂತೆಂದರೆ, ಈ ವಾರ ಬಜಾರಿನಲ್ಲಿ ಒಂದು ಪ್ಲಾಸ್ಟಿಕ್ ಚೀಲವನ್ನೂ ಮುಟ್ಟಲಿಲ್ಲ. ಈರುಳ್ಳಿ, ಹಳದಿ ಗಜ್ಜರಿ, ಮೂಲಂಗಿ ಎಲ್ಲ ಅದರಲ್ಲೇ ಕಟ್ಟಿ ತಂದೆ. ಗಟ್ಟಿ ನೇಯ್ಗೆ. ಒಗೆದರೆ ಕಲೆ ನಿಲ್ಲುವುದಿಲ್ಲ.

ಏಪ್ರಿಲ್‌ನಲ್ಲಿ ನಿಮ್ಮ ಕಡೆಯಿಂದ ಎಷ್ಟು ಜನ ಬರುತ್ತೀರಿ ಎಂದು ಬರೆಯಿರಿ. ವಿಮಾನ ಬೇಡ, ರೈಲಿನಲ್ಲೇ ಬನ್ನಿ. ಕಾರುಗಳ ಮೆರವಣಿಗೆಯೂ ಇರುವುದಿಲ್ಲ. ನಿಲ್ದಾಣದಿಂದ ಮನೆಗೆ ಎಲ್ಲರೂ ಸಾಮಾನಿನ ತಳ್ಳುಗಾಡಿ ಹಿಡಿದು ನಡೆದೇ ಬರುವುದು ಎಂದು ಯೋಚಿಸಿದ್ದೇನೆ.

ನಿಮ್ಮ ಸನೋಬರ್


ಊರ್ಗೆಂಚ್
ಫೆಬ್ರವರಿ ೬

ಸನೋಬರ್ ಅವರಿಗೆ,

ಹನ್ಕಾ ಊರಿನವರು ಫೆಬ್ರವರಿ ಇಪ್ಪತ್ತರಂದು ಮುಕದ್ದಸ್‌ಳನ್ನು ನೋಡಲು ಬರುತ್ತಿದ್ದಾರೆ. ಒಪ್ಪಿಗೆಯಾದರೆ ಅಂದೇ ನಾನ್ ಮುರಿಯುತ್ತಾರೆ. ನನ್ನ ಗಂಡ ಮತ್ಯಾಕುಬ್‌ಗೆ ಪರಿಚಯದವರ ಮೂಲಕ ಬಂದ ಸಂಬಂಧ. ಹುಡುಗನಿಗೆ ತರಕಾರಿ ಗೋದಾಮಿದೆ. ಹಿಂದೆ ನಮ್ಮ ನಿಮ್ಮ ನಡುವೆ ಮಾತಾಗಿದ್ದರಿಂದ ನಿಮಗೆ ತಿಳಿಸುವುದು ನಮ್ಮ ಕರ್ತವ್ಯ ಎಂದು ಬರೆಯುತ್ತಿದ್ದೇನೆ.

ನಿಮ್ಮ ಪತ್ರವನ್ನು ಮೊದಲು ನಾನು ಓದಿದೆ. ಅರ್ಥವಾಗಲಿಲ್ಲ. ಮತ್ಯಾಕುಬ್‌ಗೆ ಕೊಟ್ಟೆ. ಅವರು ಕನ್ನಡಕ ಹಾಕಿ ಓದಿದರು, ಕನ್ನಡಕ ಒರೆಸಿ ಮತ್ತೆ ಓದಿದರು. ಏಪ್ರಿಲ್‌ನಲ್ಲಿ ಎಷ್ಟು ಜನ ಬರುತ್ತೀರಿ ಎಂದು ಕೇಳಿದ್ದೀರಿ. ಯಾರ ಮದುವೆಗೆ ಎಂದು ಬರೆದಿಲ್ಲ. ಮತ್ಯಾಕುಬ್, "ಬ್ಯಾರೆ ಹೆಣ್ಣು ನೋಡ್ಯಾರ. ನಮ್ಮನ್ನ ಊಟಕ್ಕ ಕರ್ಯಾಕತ್ತಾರ. ತಾಷ್ಕೆಂಟಿನ ಮಂದಿ ರೀತಿ ಇದು" ಎಂದು ಹೇಳಿ ಹೊಲಕ್ಕೆ ಹೋದರು. ಹೊಲಗಳ ಉಪ್ಪು ತೊಳೆಯಲು ಕಾಲುವೆಗೆ ನೀರು ಬಿಟ್ಟಿದ್ದಾರೆ. ನಮ್ಮ ಸರದಿ ತಪ್ಪಿದರೆ ಈ ವರ್ಷ ಏನೂ ಬೆಳೆಯುವುದಿಲ್ಲ. ಅದಕ್ಕೆ ಹೋದರು. ಇಲ್ಲದಿದ್ದರೆ ನಿಮ್ಮ ಮನೆಯ ಬಾಗಿಲಿಗೇ ಬರುತ್ತಿದ್ದರೋ ಏನೋ.

ಮಾತು ಕೊಟ್ಟ ಬಟ್ಟೆಯಲ್ಲಿ ಈರುಳ್ಳಿ ಕಟ್ಟಿದ್ದನ್ನು ನೀವು ಬರೆಯದಿದ್ದರೆ ಚೆನ್ನಾಗಿತ್ತು. ಮಾಡಬಾರದಿತ್ತು ಎಂದು ಹೇಳುವ ಹಕ್ಕು ಈಗ ನಮಗಿಲ್ಲ.

ಒಂದು ವಿಷಯ ಮಾತ್ರ ಹೇಳುತ್ತೇನೆ, ಏಕೆಂದರೆ ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಮುಕದ್ದಸ್ ಹುಟ್ಟಿದ ವರ್ಷ ನಾನು ಮೊದಲ ಕೌದಿ ಹೊಲಿದೆ. ಕೊಯ್ಲು ಮುಗಿದ ಮೇಲೆ ಗಿಡದಲ್ಲಿ ಯಾರೂ ಬಿಡಿಸದೆ ಉಳಿದ ಹತ್ತಿ ಇರುತ್ತದೆ. ಗಾಳಿ ಹಾರಿಸಿಕೊಂಡು ಹೋಗುವ ಮುಂಚೆ ಹೋಗಿ ಆರಿಸಿ ತರುತ್ತಿದ್ದೆ. ಅದರಿಂದಲೇ ತುಂಬಿದ್ದು. ಒಂದು ಹನಿ ನೀರನ್ನೂ ಅವುಗಳಿಗೆಂದು ಹರಿಸಿಲ್ಲ. ನಿಮಗೆ ಅದರಲ್ಲಿ ಸಮುದ್ರ ಕಂಡಿತು ಎಂದು ಬರೆದಿದ್ದೀರಿ. ಸಮುದ್ರ ಹೋದ ಮೇಲೆ ಅದರ ಉಪ್ಪು ಯಾರ ಕಣ್ಣಿಗೆ ಬೀಳುತ್ತದೆ ಎಂಬುದನ್ನು ಒಂದು ವಸಂತದಲ್ಲಿ ಬಂದು ನೋಡಿ.

ನಮ್ಮ ಎಂಟು ಕೌದಿಗಳು ಇನ್ನೂ ನಿಮ್ಮಲ್ಲಿವೆ. ಅನುಕೂಲವಾದಾಗ ಕಳಿಸಿ. ದಯವಿಟ್ಟು ಸಂಜೆ ಕತ್ತಲಾದ ಮೇಲೆ ನಮ್ಮ ಬೀದಿಗೆ ಬರುವಂತೆ ನೋಡಿಕೊಳ್ಳಿ.

ಬೀಕಜಾನ್


ತಾಷ್ಕೆಂಟ್
ಫೆಬ್ರವರಿ ೯

ಬೀಕಜಾನ್ ಅಕ್ಕಾ,

ನಾವು ಮಾತು ಮುರಿದಿಲ್ಲ. ಮುರಿದಿದೆ ಎಂದು ನನಗೆ ಗೊತ್ತಾದದ್ದೇ ನಿಮ್ಮ ಪತ್ರದಿಂದ, ಇವತ್ತು ಮಧ್ಯಾಹ್ನ.

ನಿಮ್ಮ ಪತ್ರ ಹಿಡಿದು ಹಫೀಜಾಳ ಮನೆಗೆ ಓಡಿದೆ. ಅವಳ ತವರು ನಿಮ್ಮ ದಿಕ್ಕಿನದು. ಅವಳು ಓದಿ, ಹಿಟ್ಟಿನ ಕೈ ಒರೆಸಿಕೊಂಡು, "ಹಾಸಿಗೆ ವಾಪಸ್ ಕಳಿಸಿದ್ಯಾ? ಹೆಣ್ಣಿನ ಹಾಸಿಗೇನಾ? ಏನೂ ಬರೀದೆನಾ?" ಅಂದಳು. ಆಮೇಲೆ ನನ್ನನ್ನು ಕೂರಿಸಿ ಚಹ ಕೊಟ್ಟಳು. ಅವಳು ನನಗೆ ಕೊಂಕಿಲ್ಲದೆ ಚಹ ಕೊಟ್ಟದ್ದು ನನ್ನ ಯಜಮಾನರು ತೀರಿಕೊಂಡ ದಿನ ಒಮ್ಮೆ, ಇವತ್ತೊಮ್ಮೆ.

ಅಕ್ಕಾ, ನಮ್ಮ ಬೀದಿಯಲ್ಲಿ ಯಾರಾದರೂ ಒಂದು ತಟ್ಟೆ ಪಲಾವ್ ಕಳಿಸಿದರೆ, ಒಂದು ಬುಟ್ಟಿ ಹಣ್ಣು ಕಳಿಸಿದರೆ, ಪೂರಾ ಇಟ್ಟುಕೊಳ್ಳುವುದು ದುರಾಸೆ. ಅರ್ಧ ಇಟ್ಟುಕೊಂಡು ಅರ್ಧ ಮರಳಿ ಕೊಡುತ್ತೇವೆ. ಅದೇ ಮರ್ಯಾದೆ. ನನ್ನ ಅಮ್ಮ ಹಾಗೆಯೇ ಮಾಡಿದರು, ಅವರ ಅತ್ತೆಯೂ ಹಾಗೆಯೇ. ಹದಿನಾರು ಬಂದಾಗ ಎಂಟು ಕಳಿಸಿದ್ದು ಆ ಲೆಕ್ಕದಲ್ಲಿ. ಕಳಿಸುವಾಗ ನನಗೆ ಹೆಮ್ಮೆಯಿತ್ತು. ಸಂಪ್ರದಾಯವೂ ಉಳಿಯಿತು, ಹೊಸ ಬದುಕೂ ಶುರುವಾಯಿತು ಅಂದುಕೊಂಡೆ. ಪಲಾವಿಗೂ ಹಾಸಿಗೆಗೂ ವ್ಯತ್ಯಾಸವಿದೆ ಎಂದು ಹೊಳೆಯಲೇ ಇಲ್ಲ. ಹೊಳೆಯಬೇಕಿತ್ತು. ಇಲ್ಲಿಯೂ ಗಂಡನನ್ನು ಬಿಟ್ಟು ಬರುವ ಹೆಣ್ಣು ತನ್ನ ಕೌದಿಗಳನ್ನು ಹೇರಿಕೊಂಡೇ ಬರುತ್ತಾಳೆ. ನನ್ನ ಬುದ್ಧಿಗೆ ಏನಾಗಿತ್ತೋ.

ಮಂಟಪ ಬಿಟ್ಟದ್ದು ಮದುವೆ ಬೇಡವೆಂದಲ್ಲ. ಅಂಗಳದಲ್ಲೇ, ಜರ್ದಾಳು ಮರದ ಕೆಳಗೆ ಮಾಡೋಣ ಎಂದು. ಅದನ್ನು ಬರೆದಿದ್ದೇನೆ ಅಂದುಕೊಂಡಿದ್ದೆ. ನಿಮ್ಮ ಪತ್ರ ಬಂದ ಮೇಲೆ ನೆನಪು ಮಾಡಿಕೊಂಡರೆ ಬರೆದಂತಿಲ್ಲ. ಏಪ್ರಿಲ್ ಮದುವೆ ಮುಕದ್ದಸ್‌ದು. ಬೇರೆ ಯಾವ ಹೆಣ್ಣೂ ಇಲ್ಲ.

ಇನ್ನೊಂದು. ಕೌದಿ ಕಳಿಸುವುದು ಎಲ್ಯಾರ್‌ನ ಇಚ್ಛೆ ಎಂದು ಬರೆದಿದ್ದೆ. ಅವನು ಹಾಗೆ ಹೇಳಿಲ್ಲ. ಹತ್ತಿ ಬಗ್ಗೆ ಊಟದ ಹೊತ್ತಿನಲ್ಲಿ ಏನೇನೋ ಹೇಳುತ್ತಿದ್ದ, ಅದನ್ನು ನಾನು ಕೌದಿಗೆ ಅಂಟಿಸಿದೆ. ಅವನಿಗೆ ಇದಾವುದೂ ಗೊತ್ತಿಲ್ಲ. ಈ ಮನೆ ಅವನು ಹೇಳುವ ಹಾಗೆ ಬದುಕಿದರೆ ಅವನು ಈ ಮನೆಯಲ್ಲೇ ಇರುತ್ತಾನೆ, ಹೊಗೆಗೂಡು ಎಂದು ಬಿಟ್ಟುಹೋಗುವುದಿಲ್ಲ ಎಂಬುದು ನನ್ನ ಲೆಕ್ಕ. ಕಾರು ಮಾರಿದ್ದು, ಚಾಪಾನ್ ತೊಟ್ಟದ್ದು, ಎಲ್ಲ ಅದಕ್ಕೇ. ಗಾಳಿಗಾಗಿಯೂ ಹೌದು. ಯಾವುದು ಎಷ್ಟು ಎಂದು ನನಗೇ ಈಗ ಬೇರ್ಪಡಿಸಲಾಗುತ್ತಿಲ್ಲ.

ಹನ್ಕಾದವರನ್ನು ನಿಲ್ಲಿಸಿ. ಫೋನ್ ಮಾಡಿದೆ, ಯಾರೂ ತೆಗೆಯಲಿಲ್ಲ. ಮುಕದ್ದಸ್‌ಳ ಫೋನ್ ಬಂದ್ ಆಗಿದೆ. ಪತ್ರವನ್ನೂ ನಂಬಲಾಗದೆ ಸಪರ್‌ಬಾಯ್‌ಗೆ ಬಾಯಿಮಾತಿನಲ್ಲೂ ಹೇಳಿ ಕಳಿಸಿದ್ದೇನೆ.

ಸನೋಬರ್


ಊರ್ಗೆಂಚ್
ಫೆಬ್ರವರಿ ೨೧

ಸನೋಬರ್ ಅವರಿಗೆ,

ಹನ್ಕಾದವರು ನಿನ್ನೆ ಬಂದಿದ್ದರು. ನಾನ್ ಮುರಿಯದೆ ಎದ್ದು ಹೋದರು.

ನಿಮ್ಮ ಪತ್ರ ಹನ್ನೆರಡರಂದೇ ನನ್ನ ಕೈ ಸೇರಿತ್ತು. ಓದಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟೆ. ಮತ್ಯಾಕುಬ್‌ಗೆ ಹೇಳಲಿಲ್ಲ, ಮಗಳಿಗೆ ಹೇಳಲಿಲ್ಲ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ನೀವು ಹೇಳಿದ್ದು ನಿಜವಿರಬಹುದು ಎಂದು ಒಂದು ಹೊತ್ತು ಅನಿಸುತ್ತಿತ್ತು. ಇನ್ನೊಂದು ಹೊತ್ತು, ಹಾಸಿಗೆ ವಾಪಸು ಕಳಿಸಿ ಅದನ್ನು ಪಲಾವಿನ ತಟ್ಟೆ ಎನ್ನುವವರ ಮನೆಗೆ ಮಗಳನ್ನು ಕಳಿಸಿದರೆ ನಾಳೆ ಅವಳನ್ನೂ ಅರ್ಧ ಇಟ್ಟುಕೊಂಡು ಅರ್ಧ ಕಳಿಸುತ್ತಾರೆ ಅನಿಸುತ್ತಿತ್ತು. ಬೀದಿಯವರ ಬಾಯಿ ಮುಚ್ಚಲು ನನಗೆ ಹನ್ಕಾದವರು ಬೇಕಿದ್ದರು. ಅವರನ್ನು ಬೇಡ ಎಂದರೆ ಇನ್ನೊಂದು ಕಥೆ ಹುಟ್ಟುತ್ತಿತ್ತು.

ಸಪರ್‌ಬಾಯ್ ನಿಮ್ಮ ಬಾಯಿಮಾತನ್ನು ನನಗೆ ಹೇಳದೆ ನೇರವಾಗಿ ಮುಕದ್ದಸ್‌ಗೆ ಹೇಳಿದ್ದಾನೆ. ಅವಳು ಕೆಲಸ ಮಾಡುವ ಮಣ್ಣು ಪರೀಕ್ಷೆಯ ಕಚೇರಿಯ ಗೇಟಿಗೇ ಹೋಗಿ, ಕಾಗದ ನನ್ನ ಕೈ ಸೇರಿದ್ದನ್ನೂ ಸೇರಿಸಿ ಹೇಳಿದನಂತೆ. ಆಮೇಲೆ ಅವನಿಗೆ ಬೈದೆ. "ಅಕ್ಕಾರ, ನಾನು ಇಷ್ಟು ವರ್ಷ ಖರಬೂಜ ಸಾಗಿಸೀನಿ, ಮೀನು ಸಾಗಿಸೀನಿ, ಒಮ್ಮೆ ಜೀವಂತ ಟಗರೂ ಸಾಗಿಸೀನಿ. ನಿಮ್ಮಿಬ್ಬರ ಕಾಗದದಷ್ಟು ಭಾರದ್ದು ಯಾವುದೂ ಇರಲಿಲ್ಲ. ನನಗೂ ಬೆನ್ನು ನೋವು ಬರ್ತದ" ಎಂದ.

ನಿನ್ನೆ ಆದದ್ದು ಇಷ್ಟು. ಹನ್ಕಾದವರು ನಾಲ್ಕು ಕಾರುಗಳಲ್ಲಿ ಬಂದರು. ಗಂಡಸರು ಒಳಮನೆಯಲ್ಲಿ ಕೂತರು. ನಾನ್ ತಂದು ಇಟ್ಟರು. ರೂಢಿಯಂತೆ ಮುಕದ್ದಸ್ ಚಹ ತಂದಳು, ಎಲ್ಲರಿಗೂ ಬಗ್ಗಿ ಕೊಟ್ಟಳು. ಹುಡುಗನ ಚಿಕ್ಕಪ್ಪ ಹುಡುಗಿ ಬಹಳ ಶಾಂತ ಸ್ವಭಾವದವಳು ಎಂದು ಹೊಗಳಿದರು. ಕೊನೆಯ ಬಟ್ಟಲನ್ನು ತನ್ನ ಅಪ್ಪನ ಮುಂದೆ ಇಟ್ಟು ಅವಳು ಅಲ್ಲೇ ನಿಂತಳು.

"ಅಪ್ಪಾ, ತಾಷ್ಕೆಂಟಿನವರು ಮಾತು ಮುರಿದಿಲ್ಲ. ಅವ್ವಗ ಗೊತ್ತೈತಿ. ನಾನು ಮುಯ್ನಾಕ್‌ಗೆ ಹೋಗ್ತೀನಿ, ಎಲ್ಯಾರ್ ಗಿಡ ಹಚ್ಚೋ ಊರಿಗೆ. ಈ ಮಂದಿ ದೂರದಿಂದ ಬಂದಾರ, ಉಣ್ಣಿಸಿ ಕಳಸ್ರಿ."

ಮತ್ಯಾಕುಬ್ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರಿಗೆ ಅಷ್ಟು ಸಾಕಾಯಿತು. ಎದ್ದು ಹನ್ಕಾದವರ ಕ್ಷಮೆ ಕೇಳಿದರು. ಅವರು ಊಟ ಮಾಡಲಿಲ್ಲ. ಮತ್ಯಾಕುಬ್ ನಿನ್ನೆಯಿಂದ ನನ್ನ ಜೊತೆ ಮಾತಾಡಿಲ್ಲ. ಉಪ್ಪು ಬೇಕಾದರೆ ಮಗಳನ್ನು ಕೇಳುತ್ತಾರೆ.

ಅವಳು ಮುಯ್ನಾಕ್ ಎಂದದ್ದನ್ನು ನೀವು ಗಮನಿಸಿರುತ್ತೀರಿ. ನಾನು ನಿಮ್ಮಿಂದ ಮುಚ್ಚಿಟ್ಟ ಇನ್ನೊಂದು ವಿಷಯ ಅದೇ. ಮದುವೆಯ ನಂತರ ಇಬ್ಬರೂ ಅಲ್ಲೇ ಇರುವುದು ಎಂದು ಅವರು ಶರತ್ಕಾಲದಲ್ಲೇ ಗೊತ್ತುಮಾಡಿಕೊಂಡಿದ್ದಾರೆ. ಮುಕದ್ದಸ್ ನನಗೆ ಹೇಳಿದ್ದಳು. ನಿಮಗೆ ಹೇಳಬೇಕಾದವನು ನಿಮ್ಮ ಮಗ, ನಾನೇಕೆ ಹೇಳಲಿ ಎಂದು ಸುಮ್ಮನಿದ್ದೆ. ಅಲ್ಲಿಯ ಚಳಿಗೆ ಎಂದೇ ಹದಿನಾರನ್ನೂ ಕಳಿಸಿದ್ದೆ. ತಾಷ್ಕೆಂಟಿಗೆ ಯಾರು ಹದಿನಾರು ಕೊಡುತ್ತಾರೆ.

ನೀವು ಅವನನ್ನು ಉಳಿಸಿಕೊಳ್ಳಲು ಕಾರು ಮಾರಿದ್ದೀರಿ ಎಂದು ಓದಿದಾಗ ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಈಗಲೂ ತಿಳಿಯುತ್ತಿಲ್ಲ.

ಬೀಕಜಾನ್


ತಾಷ್ಕೆಂಟ್
ಮಾರ್ಚ್ ೨

ಬೀಕಜಾನ್ ಅಕ್ಕನಿಗೆ,

ಎಲ್ಯಾರ್ ಮೊನ್ನೆ ರಜೆಯ ಮೇಲೆ ಬಂದ. ನೀವು ಬರೆದದ್ದು ನಿಜ ಎಂದು ಅವನೇ ಹೇಳಿದ.

ಅವನ ಮುಖ ಗಾಳಿಗೆ ಒಡೆದು ಬಿರುಕು ಬಿಟ್ಟಿದೆ. ಬಾಗಿಲಲ್ಲಿ ಶ್ವಾಸ ಎಳೆದುಕೊಂಡು, ಮನೆ ಯಾಕಿಷ್ಟು ತಣ್ಣಗಿದೆ, ಗ್ಯಾಸ್ ಬಂದಿಲ್ಲವಾ ಎಂದು ಕೇಳಿದ. ಕಾರು ಎಲ್ಲಿ ಎಂದು ಕೇಳಿದ. ನಾನು ಒಂದೊಂದಾಗಿ ತೋರಿಸಿದೆ. ಗುಂಡಿ, ಬಕೆಟ್, ಚೀಲಗಳು. ಅವನು ಹುಬ್ಬು ಗಂಟಿಕ್ಕಿಕೊಂಡು ನೋಡುತ್ತಾ ಬಂದ. ಅವನಿಗೆ ಸಂತೋಷವಾಯಿತೋ ಹೆದರಿಕೆಯಾಯಿತೋ ನನಗೆ ಹೇಳಲು ಬರುವುದಿಲ್ಲ. ನಾನು ಇದನ್ನೆಲ್ಲ ಅವನ ಮಾತು ಕೇಳಿ ಮಾಡಿದೆ ಎಂದಾಗ, ಯಾವ ಮಾತು ಎಂದ. ಹೊಗೆಗೂಡು ಎಂದಿದ್ದೆಯಲ್ಲ ಎಂದೆ. ಅವನಿಗೆ ನೆನಪಿರಲಿಲ್ಲ.

ಕೌದಿಗಳ ಕಥೆ ಹೇಳಿದ ಮೇಲೆ ಅವನು ಬೂಟು ಬಿಚ್ಚಿ ನನ್ನೆದುರು ಕೂತ. ಆಮೇಲೆ ಅಂದ:

"ಅಮ್ಮಾ, ಮುಯ್ನಾಕ್ ವಿಷಯ ನಿಮಗೆ ಹೇಳೋಕೆ ನನಗೆ ಧೈರ್ಯ ಬರಲಿಲ್ಲ. ನೀವು ಇಲ್ಲಿ ಮಾಡಿದ್ದೆಲ್ಲ ಸರಿಯಾಗೇ ಇದೆ. ಆದ್ರೆ ಇದನ್ನೆಲ್ಲ ಮಾಡಿದ್ರೆ ನಾನು ಇಲ್ಲಿರ್ತೀನಿ ಅಂತ ಯಾರು ಹೇಳಿದ್ರು ನಿಮಗೆ?"

ಯಾರೂ ಹೇಳಿರಲಿಲ್ಲ. ಹಾಗೆಂದು ಒಪ್ಪಿಕೊಂಡೆ. ನೆಟ್ಟ ಗಿಡಗಳಲ್ಲಿ ಎಷ್ಟು ಬದುಕುತ್ತವೆ ಎಂದು ಕೇಳಿದೆ. ಮೊದಲ ಬೇಸಿಗೆ ದಾಟಿದ ಮೇಲೆ ಗೊತ್ತಾಗುತ್ತದೆ, ಅದಕ್ಕೇ ಅಲ್ಲಿ ಯಾರಾದರೂ ಇರಬೇಕು ಎಂದ. ಸಿಟ್ಟು ಬಂತು. ಮೂಲಂಗಿ ಹೆಚ್ಚುತ್ತಾ ಕೂತೆ.

ಈಗ ನನ್ನ ಸ್ಥಿತಿ ಕೇಳಿ. ಅವನು ಇರುವುದಿಲ್ಲ ಎಂದ ಮೇಲೆ ಹೀಟರ್ ಏರಿಸಬಹುದು. ನಿನ್ನೆ ಏರಿಸಲು ಹೋದೆ. ಕೈ ಅದರ ಮೇಲೆ ಇಟ್ಟು ನಿಂತೆ, ಏರಿಸಲಿಲ್ಲ. ಚಳಿ ಹಾಗೆಯೇ ಇದೆ, ಹೊಗೆಯೂ ಹಾಗೆಯೇ ಇದೆ. ಇದು ಹಟವೋ ಅಭ್ಯಾಸವೋ ಗೊತ್ತಿಲ್ಲ. ಹಫೀಜಾ ಮೊನ್ನೆ ತಾನೇ ಕೇಳಿ ನನ್ನಿಂದ ಒಂದು ಬಟ್ಟೆಯ ಚೀಲ ಒಯ್ದಳು, ಯಾರಿಗೂ ಹೇಳಬೇಡ ಎಂದಳು. ನಾನು ನಿಮಗೆ ಮಾತ್ರ ಹೇಳುತ್ತಿದ್ದೇನೆ.

ನಾಳೆ ಎಲ್ಯಾರ್ ನಿಮ್ಮ ಊರಿನ ಮೂಲಕವೇ ಹಿಂದಿರುಗುತ್ತಾನೆ. ಓಲೆಗಳನ್ನು ಅವನ ಕೈಯಲ್ಲಿ ಕಳಿಸುತ್ತಿಲ್ಲ. ಅವನ್ನು ತೊಡಿಸಿದವಳು ನಾನು, ಮತ್ತೆ ನಾನೇ ತೊಡಿಸಬೇಕು. ಅದಕ್ಕೆ ಮತ್ಯಾಕುಬ್ ಅಣ್ಣ ಒಪ್ಪುತ್ತಾರಾ? ಅವರಿಗೆ ಏನು ಬರೆಯಬೇಕೆಂದು ನಾಲ್ಕು ಸಲ ಶುರು ಮಾಡಿ ಹರಿದು ಹಾಕಿದೆ. ಕಾಗದವೂ ದಂಡವಾಯಿತು. ನಾನು ಏನು ಮಾಡಿದರೆ ನಿಮ್ಮ ಬೀದಿಯಲ್ಲಿ ನಿಮ್ಮ ತಲೆ ಮೇಲಾಗುತ್ತದೆ, ಹೇಳಿ. ಅದನ್ನು ಮಾಡುತ್ತೇನೆ.

ಸನೋಬರ್


ಊರ್ಗೆಂಚ್
ಮಾರ್ಚ್ ೯

ಬೀಗಿತಿ ಸನೋಬರ್ ಅವರಿಗೆ ಸಲಾಮುಗಳು.

ಎಲ್ಯಾರ್ ನಾಲ್ಕನೇ ತಾರೀಖು ನಮ್ಮ ಮನೆಗೆ ಬಂದಿದ್ದ. ಮತ್ಯಾಕುಬ್ ಅವನನ್ನು ಒಳಗೆ ಕರೆಯಲಿಲ್ಲ, ಹೊಲಕ್ಕೆ ಕರೆದುಕೊಂಡು ಹೋದರು. ಅಂದು ನಮ್ಮ ನೀರಿನ ಸರದಿ. ಇಬ್ಬರೂ ಕತ್ತಲಾಗುವವರೆಗೆ ಬದು ಕಟ್ಟಿ ಕೆಸರು ಮೆತ್ತಿಕೊಂಡು ಬಂದರು. ಏನು ಮಾತಾಡಿದರೆಂದು ಇಬ್ಬರೂ ಹೇಳಲಿಲ್ಲ. ಊಟಕ್ಕೆ ಕೂತಾಗ ಮತ್ಯಾಕುಬ್ ಉಪ್ಪನ್ನು ನನ್ನನ್ನೇ ಕೇಳಿದರು. ಒಪ್ಪಿದ್ದಾರೆ ಎಂದು ಅದರಿಂದ ತಿಳಿದುಕೊಂಡೆ. ಓಲೆಗಳನ್ನು ನೀವೇ ತಂದು ತೊಡಿಸಿ.

ಮದುವೆ ಊರ್ಗೆಂಚ್‌ನಲ್ಲೇ ಆಗಲಿ ಎನ್ನುತ್ತಾರೆ. ಮುಯ್ನಾಕ್‌ಗೆ ಇಲ್ಲಿಂದ ಹತ್ತಿರ. ನಿಮ್ಮ ಅಂಗಳದ ಆಸೆ ಇದ್ದದ್ದು ಗೊತ್ತು. ಆಗಲೇ ಬೇಕೆಂದರೆ ಬರೆಯಿರಿ, ನಾನು ಅವರೊಡನೆ ಜಗಳವಾಡುತ್ತೇನೆ. ಗೆಲ್ಲುವುದಿಲ್ಲ.

ನೀವು ಏನು ಮಾಡಬೇಕೆಂದು ಕೇಳಿದ್ದೀರಿ. ಪತ್ರದಿಂದ ಆಗುವುದಿಲ್ಲ. ಇಲ್ಲಿ ಓದುವವರು ಇಬ್ಬರು, ನೋಡುವವರು ಇಡೀ ಬೀದಿ. ಎಂಟು ಕೌದಿಗಳು ಹಗಲಲ್ಲಿ ಬಂದವು, ಹಗಲಲ್ಲೇ ಹೋಗಬೇಕು. ಹೆಂಗಸರು ತಂದೂರಿನ ಬಳಿ ಇರುವ ಹೊತ್ತಿಗೆ ನೀವೇ ನಮ್ಮ ಬಾಗಿಲಿಂದ ಅವನ್ನು ಹೊರಗೆ ತರಬೇಕು. ಎದುರುಮನೆಯ ಅಜ್ಜಿ ಖಂಡಿತ ಏನಾದರೂ ಕೇಳುತ್ತಾರೆ. ಅವರ ಮಾತು ನಿಮಗೆ ಅರ್ಥವಾಗುವುದಿಲ್ಲ, ಅದು ಒಳ್ಳೆಯದೇ. ನೀವು "ನಮ್ಮ ಸೊಸೆಯದು, ಒಯ್ಯಲು ಬಂದೆ" ಎಂದು ಮಾತ್ರ ಹೇಳಿ. ನಿಮ್ಮ ತಾಷ್ಕೆಂಟ್ ಮಾತಿನಲ್ಲೇ ಹೇಳಿ, ಗಟ್ಟಿಯಾಗಿ. ನಾನು ಪಕ್ಕದಲ್ಲಿರುತ್ತೇನೆ. ಮತ್ಯಾಕುಬ್ ಗಾಡಿ ತರಿಸುತ್ತೇನೆ ಎಂದರು. ಬೇಡ, ಬೀದಿಯ ತುದಿಯವರೆಗೆ ಬೀಗಿತಿ ತಲೆಯ ಮೇಲೆ ಹೊತ್ತೇ ಒಯ್ಯಲಿ, ಅಲ್ಲಿಂದ ಮುಂದೆ ಮುಯ್ನಾಕ್‌ಗೆ ಗಾಡಿ ಇರಲಿ ಎಂದೆ. ನಾಲ್ಕು ನೀವು, ನಾಲ್ಕು ನಾನು. ಹಳೆಯ ಹತ್ತಿ, ಹಗುರವಿಲ್ಲ.

ನಿಮ್ಮ ಮೇಲೆ ನನಗೆ ಇನ್ನೂ ಸ್ವಲ್ಪ ಸಿಟ್ಟಿದೆ. ಅದು ಇದ್ದರೂ ಈ ಕೆಲಸಕ್ಕೆ ಅಡ್ಡಿಯಿಲ್ಲ. ಹೀಟರ್ ಬಗ್ಗೆ ಬರೆದಿದ್ದೀರಿ. ಅದನ್ನು ನಾನು ಏನೆಂದು ಹೇಳಲಿ. ಆರೋಗ್ಯ ಕೆಡಿಸಿಕೊಳ್ಳಬೇಡಿ ಎನ್ನಬೇಕು ಅನಿಸುತ್ತದೆ. ಇಲ್ಲಿ ಉಪ್ಪಿನ ಗಾಳಿ ಎದ್ದ ದಿನ ಏರಿಸಬೇಡಿ ಎನ್ನಬೇಕು ಅನಿಸುತ್ತದೆ.

ನಾಡಿದ್ದು ಉಪವಾಸದ ತಿಂಗಳು ಶುರುವಾಗುತ್ತದೆ. ಅದು ಮುಗಿದು ಹಬ್ಬ ಕಳೆದ ಮೇಲೆ ಹೊರಡಿ. ಏಪ್ರಿಲ್ ಇಪ್ಪತ್ತೆರಡರ ಗಾಡಿಗೆ ನಿಮಗೆ ಒಂದು ಜಾಗ ಇಟ್ಟಿರುವುದಾಗಿ ಸಪರ್‌ಬಾಯ್ ಹೇಳಿದ್ದಾನೆ. ಗಾಡಿ ಇಪ್ಪತ್ತಮೂರರ ಬೆಳಿಗ್ಗೆ ಇಲ್ಲಿಗೆ ಬರುತ್ತದೆ. ಕೌದಿ ಹೊರುವುದು ಅಂದು ಮಧ್ಯಾಹ್ನ. ಮದುವೆ ನೋಂದಣಿ ಕಚೇರಿಯಲ್ಲಿ ಸಹಿ ಇಪ್ಪತ್ತನಾಲ್ಕರಂದು, ಬೆಳಿಗ್ಗೆ ಹತ್ತು ಗಂಟೆಗೆ.

ಬೀಕಜಾನ್